ಯಾರೂ ಇಲ್ಲದ ಕೋಣೆಗೆ ದೀಪ

ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನನ್ನ ಹೊಟ್ಟೆಯೂ ಉರಿಯುತ್ತದೆ. ಕೊಲ್ಲಿ ದೇಶದ ಖಲೀಫಾ ಸಿಟಿಯ ನಮ್ಮ ಮನೆಯಲ್ಲಿ ದೀಪ ಆರಿಸುತ್ತ ತಿರುಗುವುದೇ ನನ್ನ ಕೆಲಸ. "ನಾನು ಬಾತ್‌ರೂಮಿನಲ್ಲಿ ಇರುವಾಗಲೂ ಆರಿಸ್ತೀರಲ್ಲ ಮಾರಾಯ್ರೆ!" ಎಂದು ಹೆಂಡತಿ ಮಾಲಿನಿ ಒಳಗಿನಿಂದ ಕೂಗುತ್ತಾಳೆ. ಈ ಗುಣ ಮನೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದನ್ನು ಆಫೀಸಿಗೂ ಒಯ್ದೆ.

ನಮ್ಮ ಕಂಪನಿಯ ಉಗ್ರಾಣದಲ್ಲಿ, ಮೊಹರು ಮಾಡಿದ ಡ್ರಮ್ಮುಗಳಲ್ಲಿ, ಒಂದಿಷ್ಟು ಯುರೇನಿಯಂ ಇದೆ. ಅದನ್ನು ಯಾರೂ ಬೇರೆಡೆಗೆ ಸಾಗಿಸಿಲ್ಲ ಎಂದು ಖಚಿತಪಡಿಸಿಕೊಳ್ಳಲು ಅಂತಾರಾಷ್ಟ್ರೀಯ ತಪಾಸಣೆಯವರು ಅಲ್ಲೊಂದು ಕ್ಯಾಮೆರಾ ಕೂರಿಸಿದ್ದಾರೆ. ಕಾವಲಿಗೆ ಜನ ಬೇಡ. ಚಿತ್ರಗಳು ತಾವಾಗಿಯೇ ಕಡಲಾಚೆಯ ಅವರ ಕಚೇರಿಗೆ ಹೋಗುತ್ತವೆ. ನರಪಿಳ್ಳೆ ಇಲ್ಲದ ಆ ಕೋಣೆಯಲ್ಲಿ ಹಗಲೂ ರಾತ್ರಿ ಟ್ಯೂಬ್‌ಲೈಟು ಉರಿಯುವುದನ್ನು ನನ್ನಿಂದ ನೋಡಲಾಗಲಿಲ್ಲ. ವಿದ್ಯುತ್ ಉಳಿತಾಯ ಸಮಿತಿಗೆ ನಾನೇ ಅಧ್ಯಕ್ಷ. ಜನ ಓಡಾಡಿದರೆ ಮಾತ್ರ ಹೊತ್ತುವ ದೀಪಗಳನ್ನು ಇಡೀ ಕಟ್ಟಡಕ್ಕೆ ಹಾಕಿಸಿದೆ. ಮೇಲಧಿಕಾರಿ ಯೂಸುಫ್ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಕಡಲಾಚೆಯಿಂದ ಫೋನು: ಉಗ್ರಾಣ ಕಾಣುತ್ತಿಲ್ಲ, ಬರೀ ಕತ್ತಲೆ.

ನಮ್ಮ ಎಲೆಕ್ಟ್ರಿಕಲ್ ವಿಭಾಗದ ಲೋಬೋ ಮಂಗಳೂರಿನವರು. ನನ್ನ ಮುಖ ನೋಡಿ, "ಅಲ್ಲ ಶೆಟ್ರೇ, ಜನ ಬರ್ಲೇಬಾರ್ದು ಅಂತ ಇರುವ ರೂಮಿಗೆ, ಜನ ಬಂದ್ರೆ ಮಾತ್ರ ಹೊತ್ತುವ ಲೈಟಾ?" ಎಂದರು.

ಕತ್ತಲೆಯಲ್ಲಿ ಏನಾಯಿತೆಂದು ಯಾರೂ ಹೇಳಲಾರರು. ಆದ್ದರಿಂದ ಪ್ರತಿಯೊಂದು ಡ್ರಮ್ಮನ್ನೂ ಹೊಸದಾಗಿ ಪರೀಕ್ಷಿಸಬೇಕು. ಲೆಕ್ಕ ತಪ್ಪಿದರೆ ನನ್ನ ಕೆಲಸ ಖಲಾಸ್. ಕೆಲಸ ಹೋದರೆ ವೀಸಾ, ವೀಸಾ ಹೋದರೆ ಮಗಳ ಶಾಲೆ. ಯೂಸುಫ್ ಬೈಯಲಿಲ್ಲ. "ಯಲ್ಲಾ, ನಡೀರಿ, ಮೊದಲು ಬೆಳಕು ತನ್ನಿ" ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಹಳೆಯ ದೀಪ ಹುಡುಕಿ ತಂದು ಮತ್ತೆ ಕೂರಿಸಲು ಲೋಬೋಗೆ ಸಂಜೆಯವರೆಗೆ ಸಮಯ ಬೇಕಿತ್ತು. ಅಲ್ಲಿಯತನಕ ಒಳಗೆ ಯಾರಾದರೂ ಅಲ್ಲಾಡುತ್ತಿರಬೇಕು. ಒಳಹೋಗುವ ಅನುಮತಿ ಇದ್ದದ್ದು ನನಗೆ. ನಡೆದೆ, ಕೈ ಬೀಸಿದೆ, ಬಸ್ಕಿ ಹೊಡೆದೆ. ಸುಸ್ತಾಗಿ ನಿಂತರೆ ಸಾಕು, ಕತ್ತಲೆ! ಕೊನೆಗೆ ಚಿಕ್ಕಂದಿನಲ್ಲಿ ಕಲಿತ ಯಕ್ಷಗಾನದ ಹೆಜ್ಜೆಗಳು ತಾವಾಗಿಯೇ ಬಂದವು.

ವಾರದೊಳಗೆ ತಪಾಸಣೆಯ ಮಹಿಳೆ ಬಂದರು. ಡ್ರಮ್ಮುಗಳೆಲ್ಲ ಸರಿಯಾಗಿದ್ದವು. ನಾನು ಉಸಿರು ಬಿಡುವಷ್ಟರಲ್ಲಿ ಆಕೆ ಮೆಲ್ಲಗೆ ಕೇಳಿದರು: "ಅವತ್ತಿನ ಚಿತ್ರಗಳಲ್ಲಿ ಒಂಟಿಕಾಲಿನಲ್ಲಿ ನಿಂತಿರುವವರು ನೀವೇ ಅಲ್ಲವೇ?"

"ಹೌದು ಮೇಡಂ. ಅವನ್ನು ಅಳಿಸಬಹುದೇ?"

"ಅಳಿಸುವಂತಿಲ್ಲ. ತಿದ್ದಲಾಗದಂತೆ ಭದ್ರವಾಗಿಟ್ಟಿದ್ದೇವೆ" ಎಂದು ಆಕೆ ಸಮಾಧಾನ ಹೇಳಿದರು. "ನಮ್ಮಲ್ಲಿ ಎಲ್ಲರೂ ಎರಡೆರಡು ಸಲ ನೋಡಿದ್ದಾರೆ."

ಊರಿನಲ್ಲಿ ಗೆಜ್ಜೆ ಕಟ್ಟಿ ರಂಗಕ್ಕೆ ಬಂದಾಗ ಒಮ್ಮೆಯೂ ನನ್ನ ಕುಣಿತವನ್ನು ಯಾರೂ ಪೂರ್ತಿ ಕೂತು ನೋಡಿರಲಿಲ್ಲ.