ಪ್ರಭಂಜನ ಮಾಸ್ತರರ ಲ್ಯಾಟಿನ್ ಅಲಮಾರಿ

ವರ್ಗಾವಣೆಯ ಅರ್ಜಿಯಲ್ಲಿ ‘ಲ್ಯಾಟಿನ್ ಬಲ್ಲೆ’ ಎಂದು ಒಂದು ಸಾಲು ಹೆಚ್ಚಿಗೆ ಬರೆದದ್ದೇ ಪ್ರಭಂಜನ ಮಾಸ್ತರರ ತಪ್ಪು. ಹೆಂಡತಿ ತುಳಸಾಬಾಯಿ ಹುಬ್ಬಳ್ಳಿಯಲ್ಲಿ ಶಿಕ್ಷಕಿ, ಇವರು ಗುಡಗೇರಿಯಲ್ಲಿ. ಒಂಬತ್ತು ವರ್ಷಗಳಿಂದ ಅವರದು ರವಿವಾರದ ಸಂಸಾರ. ಹುಬ್ಬಳ್ಳಿ ಸಿಗಲೆಂದು ಅರ್ಜಿಗೆ ತುಸು ತೂಕ ಕೊಟ್ಟಿದ್ದರು, ಅಷ್ಟೇ.

ನಿಜಕ್ಕೂ ಅವರಿಗೆ ಬರುತ್ತಿದ್ದದ್ದು ಒಂದೇ ನಾಮಪದ. ಗೆದ್ದಲು ತಿಂದ ವ್ಯಾಕರಣ ಪುಸ್ತಕದಲ್ಲಿ ಉಳಿದಿದ್ದ ಒಂದೇ ಹಾಳೆಯ ‘ಅರ್ಮಾರಿಯುಂ’, ಅಂದರೆ ಅಲಮಾರಿ.

೧೯೮೪ರ ಒಂದು ಸೋಮವಾರ ಶಾಲೆಯ ತಪಾಸಣೆಗೆ ಬಂದ ಶಿಕ್ಷಣಾಧಿಕಾರಿ ಸಾಹೇಬರು ಅರ್ಜಿ ನೋಡಿ ಕಣ್ಣರಳಿಸಿದರು.

“ಲ್ಯಾಟಿನ್ ಬರ್ತದೇನ್ರಿ? ನಾನೂ ಕಾಲೇಜಿನ್ಯಾಗ ಕಲ್ತಿದ್ದೆ. ಏನರೆ ಅನ್ರಿ, ಕೇಳೂಣು.”

ಡ್ರಿಲ್ ಮಾಸ್ತರ ಈರಬಸಪ್ಪ ಬಾಜುದಿಂದ ಪ್ರಭಂಜನ ಮಾಸ್ತರರನ್ನು ತಿವಿದ. “ಅನ್ರಿ ಸರ, ಸಾಲಿ ಮರ್ಯಾದಿ ಐತಿ!”

ಸಾಹೇಬರ ಮುಖ ನೋಡುವ ಧೈರ್ಯವಾಗದೆ ಮಾಸ್ತರರು ಆಫೀಸಿನ ಅಲಮಾರಿಯ ಕಡೆ ತಿರುಗಿ, ಕಣ್ಣು ಮುಚ್ಚಿ, ಬಾಲ್ಯದಲ್ಲಿ ಸಂಸ್ಕೃತದ ರಾಮ ಶಬ್ದ ಉರುಹೊಡೆದ ರಾಗದಲ್ಲೇ ಶುರುಮಾಡಿದರು. “ಅರ್ಮಾರಿಯುಂ, ಅರ್ಮಾರಿಯಾ! ಅರ್ಮಾರಿಈ, ಅರ್ಮಾರಿಯೋರುಂ!”

ಶಾಲೆಗೆ ನೀರು ತುಂಬುವ ಗೌರಕ್ಕ ಕಿಟಕಿಯಿಂದ ಇಣುಕಿದಳು. ಪೂಜೆ ಮಾಡುವ ಆಚಾರ್ರ ಮನೆತನದ ಮಾಸ್ತರರು ಅಲಮಾರಿಯ ಮುಂದೆ ನಿಂತು ಮಂತ್ರ ಹೇಳುತ್ತಿದ್ದಾರೆ! “ಪೂಜಿ ನಡದೈತಿ, ಚಪ್ಲಿ ಬಿಟ್ಟು ಬರ್ರಲೇ!” ಎಂದು ಕೂಗಿಯೇಬಿಟ್ಟಳು. ಗಳಿಗೆಯಲ್ಲಿ ಅರ್ಧ ಊರು ಕೈಮುಗಿದು ಕುಳಿತಿತ್ತು. ಅಲಮಾರಿಗೆ ವಿಭೂತಿ ಬಿತ್ತು, ಸಾಹೇಬರ ಹಣೆಗೂ ಬಿತ್ತು.

ಇಷ್ಟು ಜನರನ್ನು ಕಂಡು ಮಾಸ್ತರರಿಗೆ ಆನೆಬಲ ಬಂತು. “ಇದರಿಂದನ ಫ್ರೆಂಚರ ಆರ್ಮ್ವಾರ್ ಹುಟ್ಟಿತ್ರಿ. ಪೋರ್ತುಗೀಸರು ಅರ್ಮಾರಿಯೊ ಅಂತ ಹಡಗದಾಗ ತಂದ್ರು. ಅದ ಈಗ ಗುಡಗೇರ್ಯಾಗ ಅಲಮಾರಿ ಆಗಿ ನಿಂತದ ನೋಡ್ರಿ!”

“ಒಂದೂ ತಪ್ಪಿಲ್ರಿ!” ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಊರ ಹಿರಿಯ ಶಂಕ್ರಪ್ಪ ತನ್ನ ರುಮಾಲನ್ನೇ ಬಿಚ್ಚಿ ಮಾಸ್ತರರ ತಲೆಗೆ ಸುತ್ತಿದ. ಮಾಸ್ತರರ ಎದೆ ಉಬ್ಬಿತು. ಜೀವಮಾನದಲ್ಲಿ ಇಂಥ ಗೆಲುವು ಅವರು ಕಂಡಿರಲಿಲ್ಲ.

ಸಾಹೇಬರು ಚೀಲದಿಂದ ಒಂದು ಕಾಗದ ತೆಗೆದರು. “ಮಾಸ್ತರ, ನಿಮ್ಮ ಹುಬ್ಬಳ್ಳಿ ಆರ್ಡರು. ಇವತ್ತ ಕೈಯಾಗ ಕೊಡಬೇಕಂತ ತಂದಿದ್ದೆ.”

ಮಾಸ್ತರರು ಎರಡೂ ಕೈ ಚಾಚಿದರು.

“ಆದ್ರ ಇಷ್ಟ ಭಕ್ತಿ ಇಟ್ಟ ಊರಿನಿಂದ ಇಂಥಾ ವಿದ್ವಾಂಸರನ್ನ ಕಿತ್ಕೊಂಡ ಹೋದ್ರ ನನಗ ಪಾಪ ಬರ್ತದ.” ಸಾಹೇಬರು ಆರ್ಡರನ್ನು ಪರಪರನೆ ಹರಿದು ಹಾಕಿದರು.

ಜನ ಹೋ ಎಂದು ಮಾಸ್ತರರನ್ನು ಹೆಗಲ ಮೇಲೆ ಎತ್ತಿಕೊಂಡರು. ಅವರ ಕಣ್ಣೀರು ಕಂಡು ಶಂಕ್ರಪ್ಪನ ಕಣ್ಣೂ ಒದ್ದೆಯಾಯಿತು.

“ಅಳಬ್ಯಾಡ್ರಿ ಮಾಸ್ತರ! ಪೆನ್ಶನ್ ಆಗೂತನಕ ನಿಮ್ಮನ್ನ ಎಲ್ಲಿಗೂ ಬಿಡೂದಿಲ್ಲ!”