ಭಾವನವರ ಕಟ್ಟೆಯ ಮುಂದೆ ಇಳಿಯದ ಸೈಕಲ್ಲು

ನಡೆಯುವವರಿಗೆಂದು ದಾರಿ ಮಾಡಿಕೊಟ್ಟರೆ ಜನ ಅದರ ಮೇಲೆ ನಡೆಯುತ್ತಾರೆ ಎಂದು ನಂಬಿದವರು ನಮ್ಮ ಇಂಡಿ ಊರನ್ನು ನೋಡಿದವರಲ್ಲ. ನಾವು ಹೊಲದಲ್ಲಿ ನಡೆಯುತ್ತೇವೆ, ಹಳ್ಳದಲ್ಲಿ ನಡೆಯುತ್ತೇವೆ, ಬಸ್ಸಿನ ಮುಂದೆ ಬಸ್ಸಿಗೇ ದಾರಿ ತೋರಿಸುವವರ ಹಾಗೆ ನಡೆಯುತ್ತೇವೆ. ಆ ದಾರಿಯೊಂದನ್ನು ಬಿಟ್ಟು. ಎಪ್ಪತ್ತನೆಯ ಇಸವಿಯ ನಂತರದ ಮಾತು ಇದು. ನಮ್ಮ ಓಣಿಯ ಬಾಯಿಯಿಂದ ಬಸ್ ಸ್ಟ್ಯಾಂಡಿನವರೆಗೆ ರಸ್ತೆಯ ಬಲಕ್ಕೆ ಚಪ್ಪಡಿ ಕಲ್ಲು ಜೋಡಿಸಿ, ಅದರ ಮಗ್ಗುಲಿಗೆ ಸೈಕಲ್ಲಿನವರಿಗೆಂದು ಗರಸು ಮಣ್ಣು ಹಾಕಿ ಬಡಿದು, ಚಂದದ ಹಾದಿ ಮಾಡಿದರು. ಮಾಡಿದವರ ತಪ್ಪೇನೂ ಇಲ್ಲ. ಕಲ್ಲುಗಳು ಸಪಾಟಾಗಿದ್ದವು, ಕೆಟ್ಟದ್ದು ಅಲ್ಲಿಯೇ. ಸಪಾಟಾದ ಕಲ್ಲು ಕಂಡರೆ ನಮ್ಮೂರಿನ ಗಂಡಸರ ಕುಂಡಿ ತಾನಾಗಿಯೇ ಕೆಳಗೆ ಇಳಿಯುತ್ತದೆ. ಮೊದಲು ಕುಳಿತರು. ಆಮೇಲೆ ಒರಗಲು ಒಂದು ಗೋಡೆ ಇದ್ದರೆ ಚಲೋ ಎನಿಸಿತು. ಆಮೇಲೆ ಕಲ್ಲಿನ ಮೇಲೆ ಮಣ್ಣು ಏರಿಸಿ, ಸಾರಿಸಿ, ಮನೆಗೊಂದು ಕಟ್ಟೆ ಮಾಡಿಕೊಂಡರು. ಕಟ್ಟೆ ಇಲ್ಲದ ಕಡೆ ಲಿಂಬೆಹಣ್ಣಿನ ಚೀಲ, ಲಿಂಬೆಹಣ್ಣು ಇಲ್ಲದ ಕಡೆ ಎಮ್ಮೆ. ನಾನೇನು ಸಾಚಾ ಅಲ್ಲ. ಎರಡು ಬೇಸಿಗೆ ಆ ಗರಸಿನ ಹಾದಿಯ ಮೇಲೆ ಸೀರೆ ಹಾಸಿ ಸಂಡಿಗೆ ಇಟ್ಟಿದ್ದೇನೆ, ಸೈಕಲ್ಲು ಬಂದರೆ ಕೋಲು ತೋರಿಸಿದ್ದೇನೆ. ಮುದ್ದೇಬಿಹಾಳದ ನನ್ನ ನಾದಿನಿ ಒಮ್ಮೆ ಬಂದವಳು ಇದನ್ನೆಲ್ಲ ನೋಡಿ, "ನಮ್ಮೂರಾಗ ಇಂಥಾ ಹಾದೀನ ಇಲ್ಲ ಬಿಡವ್ವಾ" ಎಂದಳು. ಹೊಗಳಿದಳೋ ಬೈದಳೋ ಇಂದಿಗೂ ಗೊತ್ತಾಗಿಲ್ಲ.

ಇಷ್ಟೇ ಆಗಿದ್ದರೆ ಸೈಕಲ್ಲಿನವರು ಹೇಗೋ ನುಸುಳಿ ಹೋಗುತ್ತಿದ್ದರು. ಆದರೆ ನಮ್ಮಲ್ಲಿ ಒಂದು ರಿವಾಜು ಇದೆ. ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರೆ ಅವರ ಮುಂದೆ ಸೈಕಲ್ಲು ಹೊಡೆಯಬಾರದು. ಇಳಿಯಬೇಕು, ದೂಡಿಕೊಂಡು ದಾಟಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು, ಆಮೇಲೆ ಹತ್ತಬೇಕು. ಊರಿಗೆ ಒಂದು ಕಟ್ಟೆ ಇದ್ದ ಕಾಲದಲ್ಲಿ ಇದು ಚಲೋ ರಿವಾಜೇ. ಈಗ ಬಸ್ ಸ್ಟ್ಯಾಂಡಿನ ತನಕ ಏಳು ಕಟ್ಟೆ, ಏಳರ ಮೇಲೂ ಹಿರಿಯರು. ಹೀಗಾಗಿ ನಮ್ಮೂರಿನಲ್ಲಿ ಸೈಕಲ್ಲು ಇದ್ದವರು ನಡೆಯುತ್ತಿದ್ದರು, ಇಲ್ಲದವರೂ ನಡೆಯುತ್ತಿದ್ದರು. ಇಲ್ಲದವರು ಮೊದಲು ಮುಟ್ಟುತ್ತಿದ್ದರು.

ಏಳನೆಯ ಕಟ್ಟೆ ನನ್ನ ಗಂಡನ ಅಣ್ಣನದು. ಭಾವನವರು ಬಸ್ ಸ್ಟ್ಯಾಂಡಿನ ಎದುರಿಗೆ ಬೇರೆ ಮನೆ ಮಾಡಿಕೊಂಡು, ಅರ್ಧ ಹಾದಿಯನ್ನು ಕಟ್ಟೆ ಮಾಡಿಕೊಂಡಿದ್ದರು. ಅವರ ಮುಂದೆ ಇಳಿಯದೆ ಹೋಗುತ್ತಿದ್ದದ್ದು ಬಸ್ಸು ಒಂದೇ, ಅದರ ಮೇಲೂ ಅವರಿಗೆ ಸಿಟ್ಟು. ನಾನು ಈ ಮನೆಗೆ ಬಂದು ಮೂವತ್ತು ವರ್ಷ ಅವರ ಮುಂದೆ ಚಪ್ಪಲಿ ಮೆಟ್ಟಿಲ್ಲ, ಕುಳಿತಿಲ್ಲ, ನೇರವಾಗಿ ಒಂದು ಮಾತು ಆಡಿಲ್ಲ. ಏನಾದರೂ ಹೇಳುವುದಿದ್ದರೆ ಬಾಗಿಲ ಹಿಂದೆ ನಿಂತು ಇನ್ನೊಬ್ಬರ ಬಾಯಿಂದ ಹೇಳಿಸಿದ್ದೇನೆ. ಅವರ ಮೇಲಿನ ಭಕ್ತಿಯಿಂದ ಅಲ್ಲ. ಮಾತಾಡಿದರೆ ಜಗಳ ಆಗುತ್ತದೆಂದು.

ಆ ವರ್ಷ ನನ್ನ ಕಿರಿ ಮಗಳು ಶಾಂತವ್ವ ಏಳು ತಿಂಗಳ ಬಸುರಿ. ಅವಳನ್ನು ಸಿಂದಗಿಗೆ ಕೊಟ್ಟಿತ್ತು. ಸೀಮಂತಕ್ಕೆ ನಮ್ಮಲ್ಲಿ ಕುಬಸ ಎನ್ನುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಕುಬಸ, ಐದು ತರದ ಅಡುಗೆ ತೆಗೆದುಕೊಂಡು ಹೋಗಿ ಮಧ್ಯಾಹ್ನದೊಳಗೆ ಬಸುರಿಗೆ ಉಡಿಸಬೇಕು. ಬೀಗಿತ್ತಿ ನೀಲವ್ವ ಎಂಥವಳೆಂದರೆ, ಮದುವೆಯಲ್ಲಿ ನಾವು ಬಡಿಸಿದ ಸಾರಿನ ಉಪ್ಪನ್ನು ಎರಡು ವರ್ಷ ಆಡಿಕೊಂಡವಳು. ಸೀರೆ ಹೊತ್ತಿಗೆ ಮುಟ್ಟದಿದ್ದರೆ ನನ್ನ ಮಗಳು ಆ ಮನೆಯಲ್ಲಿ ಇರುವ ತನಕ ಆ ಮಾತು ಕೇಳಬೇಕಿತ್ತು. ಬಸ್ಸು ಒಂಬತ್ತಕ್ಕೆ. ಅದು ತಪ್ಪಿದರೆ ಮುಂದಿನದು ಮೂರಕ್ಕೆ.

ಓಣಿಯ ಹೆಂಗಸರ ಕಣ್ಣು ಬೀಳಬಾರದೆಂದು ನಾನು ಸೀರೆಯನ್ನು ಜೋಳದ ಕಣಜದಲ್ಲಿ ಹುಗಿದಿಟ್ಟಿದ್ದೆ. ಕುಬಸದ ದಿನ ಬೆಳಿಗ್ಗೆ ಯಜಮಾನರನ್ನೂ ಬುಟ್ಟಿಗಳನ್ನೂ ಟಾಂಗಾದಲ್ಲಿ ಮುಂದೆ ಕಳಿಸಿ, ಸೀರೆ ತೆಗೆಯಲು ಕಣಜಕ್ಕೆ ಕೈ ಹಾಕಿದರೆ, ಎಷ್ಟು ಕೈ ಆಡಿಸಿದರೂ ಬರೀ ಜೋಳ. ಸೀರೆ ತಳಕ್ಕೆ ಇಳಿದಿತ್ತು. ನಾನೂ ಸೊಸೆ ಕಸ್ತೂರಿಯೂ ಎರಡು ಚೀಲ ಜೋಳ ಹೊರಗೆ ಸುರಿದ ಮೇಲೆ ಸಿಕ್ಕಿತು. ಅಷ್ಟರಲ್ಲಿ ಎಂಟೂವರೆ ದಾಟಿತ್ತು. ಮಗ ಮಲ್ಲೇಶಿ ಸೈಕಲ್ಲು ತಂದು ನಿಲ್ಲಿಸಿದ.

"ಯವ್ವಾ, ಹಿಂದ ಹತ್ತು."

"ನಾ ಏನು ಜ್ವಾಳದ ಚೀಲ ಅಂತ ತಿಳದೀಯೇನು?"

"ಚೀಲ ಆಗಿದ್ರ ಚಲೋ ಇತ್ತು. ಚೀಲ ಮಾತಾಡೂದಿಲ್ಲ."

ಕಸ್ತೂರಿ ಸೀರೆಯ ಗಂಟನ್ನು ನನ್ನ ಮಡಿಲಲ್ಲಿಟ್ಟು, "ಅತ್ತೀ, ಸೀಟು ಹಿಡ್ಕೊರಿ, ಅವರ ಅಂಗಿ ಹಿಡೀಬ್ಯಾಡ್ರಿ. ಚಲೋ ಇದ್ದದ್ದು ಅದೊಂದ ಅಂಗಿ" ಎಂದಳು.

ಹತ್ತಿ ಐವತ್ತು ಮಾರು ಹೋಗಿರಲಿಲ್ಲ, ಮೊದಲನೆಯ ಕಟ್ಟೆ. ಮಾಸ್ತರರು ಕುಳಿತಿದ್ದರು. ಮಗ ಇಳಿದ. ಅವನು ಇಳಿದರೆ ನಾನೂ ಇಳಿಯಬೇಕಲ್ಲ! ನನ್ನ ಮೊಣಕಾಲು ಕಟಕಟ ಎಂದಿತು.

"ಎತ್ತಾಗ ಹೊಂಟೀರಿ?"

"ಸಿಂದಗಿಗ್ರಿ. ತಂಗೀ ಕುಬಸ ಐತ್ರಿ."

"ಎಷ್ಟನೇ ತಿಂಗಳದಾಗ ಮಾಡ್ತೀರಿ?"

"ಏಳರಾಗ್ರಿ."

"ನಮ್ಮಲ್ಲಿ ಐದರಾಗ ಮಾಡ್ತೀವಿ" ಎಂದು ಅದರ ಕಾರಣ ಹೇಳಲು ಶುರುಮಾಡಿದರು. ಕಾರಣ ಅವರ ಮುತ್ತಜ್ಜಿಯ ತನಕ ಹೋಗಿ ಬಂತು. ಎರಡನೆಯ ಕಟ್ಟೆಯ ಮುದುಕ ಕಂಬಳಿ ಹೊದ್ದು ಮಲಗಿದ್ದ. ಮಲಗಿದ ಹಿರಿಯನ ಮುಂದೆ ಇಳಿಯಬೇಕೋ ಬೇಡವೋ ಎಂದು ನಾನು ಕೇಳುವುದರೊಳಗೆ ಮಗ ಇಳಿದಾಗಿತ್ತು. ಇಳಿದದ್ದು ಮುದುಕನಿಗೆ ತಿಳಿಯದಿದ್ದರೆ ಇಳಿದೂ ಉಪಯೋಗವಿಲ್ಲವೆಂದು ಕೆಮ್ಮಿದ ಕೂಡ. ಮುದುಕ ಎದ್ದು, "ಎತ್ತಾಗ ಹೊಂಟೀರಿ?" ಎಂದ. ಮೂರು, ನಾಲ್ಕು, ಐದು ಹೀಗೆಯೇ. ಹತ್ತುವುದು, ಇಳಿಯುವುದು. ನಡೆದೇ ಹೊರಟಿದ್ದರೆ ಇಷ್ಟು ಹೊತ್ತಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ವೀಳ್ಯದೆಲೆ ಹಾಕಿಕೊಳ್ಳುತ್ತಿದ್ದೆ. ಆರನೆಯ ಕಟ್ಟೆ ದಾಟುವಾಗ ಬಸ್ಸಿನ ಹಾರ್ನು ಕೇಳಿಸಿತು. ದೂರದಲ್ಲಿ ಯಜಮಾನರು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಬಸ್ಸನ್ನು ತಾವೇ ಹಿಡಿದುಕೊಂಡವರ ಹಾಗೆ ನಿಂತಿದ್ದರು. ನಡುವೆ ಭಾವನವರ ಕಟ್ಟೆ. ಮೇಲೆ ಭಾವನವರು. ಬಸ್ಸು ಮೆಲ್ಲಗೆ ಉರುಳತೊಡಗಿತು. ಮಗ ಕಾಲು ಕೆಳಗೆ ಬಿಡಲು ಹೊರಟ.

ಆ ಕ್ಷಣ ನನಗೆ ಭಾವನವರು ಕಾಣಲಿಲ್ಲ, ನೀಲವ್ವನ ಬಾಯಿ ಕಂಡಿತು. ಸೆರಗನ್ನು ಗದ್ದದ ತನಕ ಎಳೆದು, "ಇಳದೀಯಂದ್ರ ನೋಡು! ತುಳಿಯೋ ಬಾಡ್ಯಾ, ತುಳಿ!" ಎಂದು ಚೀರಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಸೈಕಲ್ಲು ಭಾವನವರ ಕಾಲಿಗೆ ಒಂದು ಗೇಣು ಅಂತರದಲ್ಲಿ ಗಂಟೆ ಹೊಡೆಯುತ್ತ ಹಾರಿತು. ಬಸ್ಸು ಸಿಕ್ಕಿತು.

ಸಿಂದಗಿಯಲ್ಲಿ ಎಲ್ಲ ಚಂದ ಆಯಿತು. ನೀಲವ್ವ ಸೀರೆ ಕೊಡವಿ, "ಇದರಾಗ ಜ್ವಾಳ ಯಾಕ ಬಿದ್ದಾವ್ರಿ?" ಎಂದಳು. "ತುಂಬಿದ ಕಣಜದಾಗ ಇಟ್ಟು ಉಡಿಸೂದು ನಮ್ಮ ಮನಿ ಪದ್ಧತಿ ಐತ್ರಿ" ಎಂದೆ. ಈಗ ಅವರ ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರಂತೆ.

ಮರುದಿನ ನಾವು ಮನೆಗೆ ಬಂದು ಕಾಲು ತೊಳೆಯುವುದರೊಳಗೆ ಭಾವನವರು ಬಂದು ಪಡಸಾಲೆಯಲ್ಲಿ ಕುಳಿತರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಮಲ್ಲೇಶಿ, ನಿನ್ನಿ ನಿನ್ನ ಹಿಂದ ಕುಂತಾಕಿ ಯಾರು?"

"ನಮ್ಮವ್ವ ರೀ, ದೊಡ್ಡಪ್ಪಾ."

"ಸುಳ್ಳು ಬೊಗಳಬ್ಯಾಡ! ನಿಮ್ಮವ್ವ ಮೂವತ್ತು ವರ್ಷ ನನ್ನ ಮುಂದ ಚಪ್ಪಲಿ ಮೆಟ್ಟಿಲ್ಲ. ಆಕಿ ನನ್ನ ಮುಂದ ಸೈಕಲ್ ಮ್ಯಾಲ ಕುಂತು ಬಾಡ್ಯಾ ಅಂತಾಳೇನು? ಮನ್ಯಾಗ ಬಂಗಾರದಂಥಾ ಹೆಣ್ತಿ ಇಟ್ಕೊಂಡು ಯಾರನ್ನ ಹೊತಗೊಂಡು ತಿರಗಾಕತ್ತೀಯೋ?"

ಬಂಗಾರದಂಥ ಹೆಂಡತಿ ನನ್ನ ಪಕ್ಕದಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಮಗ ಅಳುವ ಹಾಗಾದ. "ಮಾಸ್ತರನ್ನ ಕೇಳ್ರಿ, ಅವರ ಮುಂದ ಅವ್ವನೂ ಇಳದಾಳ" ಎಂದ.

"ಕೇಳೇನಿ. ಇಳದ್ಲು ಅಂದ್ರು. ಮಾಸ್ತರನ ಮುಂದ ಇಳದಾಕಿ ನನ್ನ ಮುಂದ ಇಳೀಲಾರದ ಹೋಗ್ತಾಳೇನು? ಅಂದ್ರ ಅವ್ವನ್ನ ನಡುವ ಬಿಟ್ಟು ಬ್ಯಾರೆದಾಕಿನ್ನ ಹತ್ತಿಸ್ಕೊಂಡಿ!"

ವಕೀಲರಾಗಬೇಕಿದ್ದ ಮನುಷ್ಯ, ಕಟ್ಟೆಯ ಮೇಲೆ ಹಾಳಾದರು. ಭಾವನವರು ತಮ್ಮನ ಕಡೆ ತಿರುಗಿದರು. ಯಜಮಾನರು ಅಟ್ಟ ನೋಡುತ್ತ, "ನಾ ಬಸ್ಸಿನ ಕಡೆ ನೋಡಾಕತ್ತಿದ್ನಣ್ಣಾ" ಎಂದರು. ಮದುವೆಯಾದಾಗಿನಿಂದ ಇವರು ನನಗೆ ಬೇಕಾದಾಗಲೆಲ್ಲ ಬಸ್ಸಿನ ಕಡೆಯೇ ನೋಡಿದ್ದಾರೆ.

ಮಗನ ಹೆಸರು ಊರಲ್ಲಿ ಕೆಡುವುದು ನನಗೆ ತಡೆಯಲಾಗಲಿಲ್ಲ. ನಾನೇ ಎಂದು ಹೇಳು ಎಂದು ಕಸ್ತೂರಿಯನ್ನು ತಿವಿದೆ. ಅವಳು ಬಾಗಿಲಿಗೆ ಹೋಗಿ, "ದೊಡ್ಡ ಮಾವಾರ, ಕುಂತಾಕಿ, ಬೈದಾಕಿ ಎಲ್ಲಾ ತಾವೇ ಅಂತಾರ್ರಿ ಅತ್ತಿ" ಎಂದಳು. ಭಾವನವರು ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು.

"ನೋಡೋ ಮಲ್ಲೇಶಿ, ನಿನ್ನ ಮಾನ ಉಳಸಾಕ ನಿಮ್ಮವ್ವ ತನ್ನ ಮಾನ ಕೊಡಾಕ ಹೊಂಟಾಳ. ಇಂಥಾಕಿ ಹೊಟ್ಟ್ಯಾಗ ಹುಟ್ಟೀಯಲ್ಲೋ!"

ಇನ್ನು ನಾನು ಹೊರಗೆ ಹೋಗಿ ಅವರ ಎದುರಿಗೇ ಚೀರಿ ತೋರಿಸಿದ್ದರೆ ನಂಬುತ್ತಿದ್ದರೇನೋ. ಒಂದು ಹೆಜ್ಜೆ ಮುಂದೆ ಇಟ್ಟೆ ಕೂಡ. ಕಾಲು ಹೊಸ್ತಿಲಲ್ಲಿ ತಾನೇ ನಿಂತಿತು, ಕೈ ತಾನೇ ಸೆರಗು ಎಳೆಯಿತು. ಮೂವತ್ತು ವರ್ಷ ಕಲಿಸಿದ ಪಾಠ ಇದು, ಸಾಲೆಯಲ್ಲಿ ಕಲಿತ ಅಕ್ಷರದ ಹಾಗೆ ಮರೆತುಹೋಗುವುದಿಲ್ಲ.

ಭಾವನವರು ತೀರ್ಪು ಕೊಟ್ಟರು. "ಆ ಬಾಯಿಬಡಕಿ ಇನ್ನ ಮ್ಯಾಲ ಈ ಮನಿ ಹೊಸ್ತಿಲ ತುಳೀಬಾರದು."

"ಆತಣ್ಣಾ" ಎಂದರು ಯಜಮಾನರು. ಅಷ್ಟು ಬೇಗ, ಅಷ್ಟು ಮನಸಾರೆ ಅವರು ಯಾವುದಕ್ಕೂ ಒಪ್ಪಿದ್ದನ್ನು ನಾನು ಕಂಡಿಲ್ಲ.

"ಮತ್ತ ಒಂದು ಕಪ್ ಚಹಾ ಮಾಡಾಕ ಹೇಳು ಮಲ್ಲೇಶಿ ಅವ್ವಗ. ಪಾಪ, ನೊಂದಾಳ. ಆಕಿ ಕೈಯಾಗಿನ ಚಹಾ ಕುಡದ ಹೋಗ್ತೇನಿ."

ಮನೆ ಹೊಸ್ತಿಲು ತುಳಿಯಬಾರದೆಂದು ಆಗಷ್ಟೇ ಅಪ್ಪಣೆಯಾದ ಹೆಂಗಸು ಒಲೆ ಹಚ್ಚಿ ಚಹಾಕ್ಕೆ ಇಟ್ಟಳು. ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದಳು.