ಮಾವನ ಫಂಕ್ ಮೆರವಣಿಗೆ

ನನ್ನ ಸೋದರಮಾವನ ತಲೆ ಸರಿಯಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಲೆ ಸರಿಯಾಗಿಯೇ ಇತ್ತು. ಅದರೊಳಗೆ ಸದಾ ಯಾರೋ ಟ್ರಂಪೆಟ್ ಊದುತ್ತಿದ್ದರು, ಅಷ್ಟೇ! ಕುಂದಾಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲಿಟ್ಟಿದ್ದ ಈ ಮನುಷ್ಯ, ಬೀದಿಯಲ್ಲಿ ಮದುವೆಯ ಬ್ಯಾಂಡ್ ಕೇಳಿಸಿದರೆ ಚಿಲ್ಲರೆಗೆ ಕೈಚಾಚಿದ ಗಿರಾಕಿಯನ್ನು ಅಲ್ಲಿಯೇ ಬಿಟ್ಟು ಅದರ ಹಿಂದೆ ಹೋಗುತ್ತಿದ್ದರು. ಮದುಮಗನ ಮುಖವನ್ನು ಮಾತ್ರ ಒಮ್ಮೆಯೂ ನೋಡಿದವರಲ್ಲ.

ನಾನೊಮ್ಮೆ ಅವರಿಗೆ ಫಂಕ್ ಸಂಗೀತದ ಸೀಡಿ ಕೇಳಿಸಿದ್ದೇ ನೆಪವಾಯಿತು. ಕೂತವರನ್ನು ಕುಣಿಸುವ ತಾಳ, ಅದರ ಮೇಲೆ ಟ್ರಂಪೆಟ್ಟು, ಸ್ಯಾಕ್ಸೊಫೋನುಗಳ ದಂಡು.

"ಇವರು ನಮ್ಮ ಠಾಕುರ್ಲಿ ಬ್ಯಾಂಡಿನವರೇ ಅಲ್ವಾ ಮಾರಾಯ? ಕೋಟು ಮಾತ್ರ ಬೇರೆ" ಎಂದರು ಮಾವ, ಸೀಡಿಯ ಮೇಲಿನ ಚಿತ್ರ ನೋಡುತ್ತ.

ಪಕ್ಕದೂರಿನ ಆ ಮದುವೆ ಬ್ಯಾಂಡಿನ ಐವರು ಊದುಗರನ್ನು ಮುಂದಿಟ್ಟುಕೊಂಡು, ಗಾಯಕರೇ ಇಲ್ಲದ ಫಂಕ್ ಆಲ್ಬಂ ಮಾಡುವುದೆಂದು ನಿಶ್ಚಯವಾಯಿತು. ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ, ಅವರು ಊದುವುದನ್ನು ಜನ ಒಮ್ಮೆಯಾದರೂ ಕೂತು ಕೇಳಬೇಕು ಎಂದರು ಮಾವ. ಗಿರಾಕಿಗಳೂ ಕೂತೇ ಕಾಯುತ್ತಿದ್ದಾರೆ ಎಂದು ಅತ್ತೆ ನೆನಪಿಸಿದರು.

ಹತ್ತಿರದ ಕಲ್ಯಾಣ್ ಊರಿನ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಈ ಐವರಿಗೋ ನಿಂತು ಊದಿ ಅಭ್ಯಾಸವೇ ಇಲ್ಲ! ನಡೆದರೆ ಉಸಿರು ಬರುತ್ತದೆ, ನಡೆದರೆ ಮೈಕು ದೂರವಾಗುತ್ತದೆ. ನಿಂತಲ್ಲೇ ಹೆಜ್ಜೆ ಹಾಕಲು ಹೇಗೋ ಒಪ್ಪಿಸಿದೆವು. ಆಮೇಲೆ ಇನ್ನೊಂದು ಪೀಕಲಾಟ. ಮದುವೆಯ ಹಾಲ್ ಹತ್ತಿರವಾದಂತೆ ವೇಗ ಹೆಚ್ಚಿಸುವುದು ಬ್ಯಾಂಡಿನವರ ವಾಡಿಕೆ. ಸ್ಟುಡಿಯೋದಲ್ಲೂ ಹಾಡಿನ ಅರ್ಧ ದಾರಿ ಕಳೆದದ್ದೇ ಐವರೂ ಓಟ ಕಿತ್ತರು. ಸ್ಟುಡಿಯೋದ ಡ್ರಮ್ಮಿನವನು ಹಿಂದೆಯೇ ಉಳಿದ. ಮೆರವಣಿಗೆಯಲ್ಲಿ ಮದುಮಗ ಮುಂದೆ ಸಾಗದೆ ಬ್ಯಾಂಡು ವೇಗ ಹೆಚ್ಚಿಸುವಂತಿಲ್ಲವಲ್ಲ? ಮಾವ ನನ್ನ ತಲೆಗೆ ಪೇಟ ಸುತ್ತಿ ಅವರೆದುರು ಕುರ್ಚಿಯಲ್ಲಿ ಕೂರಿಸಿದರು. ಇವನು ಏಳುವ ತನಕ ಹಾಲ್ ಬರುವುದಿಲ್ಲ ಎಂದು ಮರಾಠಿಯಲ್ಲಿ ಅವರಿಗೆ ತಾಕೀತು ಮಾಡಿದರು. ತಾಳ ಹದಕ್ಕೆ ಬಂತು! ಆಲ್ಬಂ ಮುಗಿಯುವವರೆಗೆ ನಾನು ಮದುಮಗನಾಗಿಯೇ ಇದ್ದೆ. ಆಗ ನನಗೆ ಇಬ್ಬರು ಮಕ್ಕಳಿದ್ದರು.

ಬಿಡುಗಡೆ ಠಾಣೆಯ ಸಭಾಂಗಣವೊಂದರಲ್ಲಿ. ಉಪ್ಪಿಟ್ಟು ಇದೆಯೆಂದು ಮೊದಲೇ ಸಾರಿದ್ದರಿಂದ ಕುರ್ಚಿಗಳು ತುಂಬಿದ್ದವು. ಐವರೂ ರಸ್ತೆಯಿಂದಲೇ ಊದುತ್ತ ಬಂದವರು ಬಾಗಿಲಲ್ಲಿ ನಿಂತುಬಿಟ್ಟರು. ಮದುವೆಗಳಲ್ಲಿ ಅವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಒಳಗೆ ಯಾರೂ ಕರೆಯುವುದಿಲ್ಲ. ಮಾವ ವೇದಿಕೆಯಿಂದ ಇಳಿದು ಹೋಗಿ, ಎಲ್ಲರಿಗಿಂತ ಹಿರಿಯನಾದ ಟ್ರಂಪೆಟ್ಟಿನವನ ಕೈ ಹಿಡಿದರು.

"ಒಳಗೆ ಬನ್ನಿ. ಇವರೆಲ್ಲ ಬಂದದ್ದು ನಿಮಗಾಗಿ" ಎಂದು ಅವನ ಭಾಷೆಯಲ್ಲೇ ಹೇಳಿದರು.

ಆತ ದೇವಸ್ಥಾನಕ್ಕೆ ಬಂದವನ ಹಾಗೆ ಚಪ್ಪಲಿ ಕಳಚಿಟ್ಟು ಒಳಗೆ ಬಂದ. ಐವರೂ ವೇದಿಕೆ ಹತ್ತಿ ಊದತೊಡಗಿದರು, ಜನ ಕೂತು ಕೇಳಿದರು. ಮಾವ ಮಾತ್ರ ಕೂರಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲರೆದುರೇ ಅಳುತ್ತಿದ್ದರು.